ಕ್ಯಾಸಲ್‌ರಾಕ್ ನಿಲ್ದಾಣದ ಚರಿತ್ರೆ ಆ ನಿಲ್ದಾಣದಲ್ಲೇ ಸಿಗುವಂತಾಗಲಿ: ನೈರುತ್ಯ ರೈಲ್ವೆಯ ಪ್ರಧಾನ ವ್ಯವಸ್ಥಾಪಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನಲ್ಲಿ, ಗೋವಾ ಗಡಿಗೆ ಕೆಲವೇ ಕಿಲೊಮೀಟರ್ ಈಚೆಗೆ, ನಿಮ್ಮ ಹುಬ್ಬಳ್ಳಿ ವಿಭಾಗಕ್ಕೆ ಸೇರಿದ ಕ್ಯಾಸಲ್‌ರಾಕ್ ಎಂಬ ನಿಲ್ದಾಣವಿದೆ. ಊರು ಚಿಕ್ಕದು, ಸುತ್ತ ಕಾಡು; ಇಲ್ಲಿ ಟಿಕೆಟ್ ಕೊಂಡು ರೈಲು ಹತ್ತುವವರನ್ನು ಲೆಕ್ಕ ಹಾಕಿದರೆ ಇದನ್ನು ಮಹತ್ವದ ನಿಲ್ದಾಣ ಎಂದು ಯಾರೂ ಕರೆಯಲಾರರು. ಆದರೆ ಭಾರತದ ರೈಲ್ವೆ ಚರಿತ್ರೆಯಲ್ಲಿ ಒಂದು ಅಂತರರಾಷ್ಟ್ರೀಯ ಗಡಿಯ ಕೆಲಸವನ್ನು ದಶಕಗಳ ಕಾಲ ನಿರ್ವಹಿಸಿದ ನಿಲ್ದಾಣಗಳು ಹೆಚ್ಚಿಲ್ಲ, ಕರ್ನಾಟಕದ ಇಂದಿನ ನೆಲದಲ್ಲಂತೂ ಇದಕ್ಕೆ ಜೋಡಿಯಾಗಿ ಹೇಳಬಹುದಾದ ಇನ್ನೊಂದು ನಿಲ್ದಾಣ ನನಗೆ ತೋಚುವುದಿಲ್ಲ. ಈ ನಿಲ್ದಾಣದ ಚರಿತ್ರೆಯ ದಾಖಲೆಗಳನ್ನು ಒಂದೆಡೆ ಸೇರಿಸಿ, ಅದರ ಸಾರವನ್ನು ನಿಲ್ದಾಣದಲ್ಲಿಯೇ, ಕನ್ನಡದಲ್ಲಿ, ಬಂದವರು ಓದುವಂತೆ ಮಾಡಬೇಕೆಂಬುದು ನನ್ನ ಕೋರಿಕೆ. ಹೊಸಪೇಟೆ–ವಾಸ್ಕೊ ಮಾರ್ಗದ ವಿದ್ಯುದೀಕರಣ, ಜೋಡಿಹಳಿಯ ಪ್ರಸ್ತಾವ ಮುಂತಾದ ಕಾರಣಗಳಿಂದ ಈ ಮಾರ್ಗದ ನಿಲ್ದಾಣಗಳ ರೂಪವೇ ಬದಲಾಗುತ್ತಿರುವ ಕಾಲವಿದು. ಆದ್ದರಿಂದ ಈ ಮಾತನ್ನು ಈಗಲೇ ಹೇಳಬೇಕಾಗಿದೆ.

ಈ ಹಳಿ ಇಲ್ಲಿಗೆ ಬಂದುದರ ಹಿಂದೆ ಬರಗಾಲ, ಹತ್ತಿ, ಉಪ್ಪು ಮೂರೂ ಇವೆ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳು ನಲುಗಿದವು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಎತ್ತಿನ ಗಾಡಿಯನ್ನು ನಂಬಿ ಕೂರುವಂತಿಲ್ಲ ಎಂಬುದು ಆಗ ಸರ್ಕಾರಕ್ಕೆ ಮನದಟ್ಟಾಯಿತು. ದಕ್ಷಿಣ ಮರಾಠಾ ಸೀಮೆಯಲ್ಲಿ ಹಳಿ ಹಾಸಲು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾದುದರಲ್ಲಿ ಈ ಬರದ ಪಾಲು ದೊಡ್ಡದು. ಧಾರವಾಡ ಸೀಮೆಯ ಹತ್ತಿಗೆ ಸಮುದ್ರದ ದಾರಿ ಬೇಕೆಂಬ ಬೇಡಿಕೆ ಅದಕ್ಕಿಂತ ಹಳೆಯದು. ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು 1860ರ ದಶಕದಲ್ಲಿಯೇ ಕಾರವಾರ, ಸದಾಶಿವಗಡದ ಮೇಲೆ ಬಿದ್ದಿತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಈ ಬಂದರಿನ ಆಸೆಗೂ ನೇರ ಸಂಬಂಧವಿದೆ. ಕಾರವಾರಕ್ಕೆ ಹುಬ್ಬಳ್ಳಿಯಿಂದ ರೈಲು ಬರುತ್ತದೆ ಎಂದು ನಮ್ಮ ಜಿಲ್ಲೆಯವರು ಅಂದಿನಿಂದ ಕಾದವರು, ಹುಬ್ಬಳ್ಳಿ–ಅಂಕೋಲಾ ಮಾರ್ಗದ ಹೆಸರಿನಲ್ಲಿ ಇಂದಿಗೂ ಕಾಯುತ್ತಲೇ ಇದ್ದಾರೆ. (ಕಾಡು ಉಳಿಯಬೇಕೆನ್ನುವವರ ವಾದವನ್ನು ನಾನು ಹಗುರವಾಗಿ ಕಾಣುವವನಲ್ಲ; ಆ ಚರ್ಚೆಗೆ ಇದು ಜಾಗವಲ್ಲ.)

ಆದರೆ ಧಾರವಾಡದ ಹತ್ತಿ ಕೊನೆಗೆ ಹೋದದ್ದು ಕಾರವಾರಕ್ಕಲ್ಲ, ಪೋರ್ಚುಗೀಸರ ಮರ್ಮಗೋವಾ ಬಂದರಿಗೆ. ಬ್ರಿಟಿಷರಿಗೂ ಪೋರ್ಚುಗಲ್ಲಿಗೂ 1878ರ ಡಿಸೆಂಬರ್ 26ರಂದು ಲಿಸ್ಬನ್ನಿನಲ್ಲಿ ಒಂದು ಒಪ್ಪಂದವಾಯಿತು. ಮರ್ಮಗೋವಾದಿಂದ ಘಟ್ಟ ಹತ್ತಿ ಬ್ರಿಟಿಷ್ ಗಡಿಯವರೆಗೆ ಪೋರ್ಚುಗೀಸರ ಕಡೆಯಿಂದ ರೈಲು ಬರಬೇಕು, ಗಡಿಯಿಂದ ಈಚೆಗೆ ಬ್ರಿಟಿಷ್ ಭಾರತದ ರೈಲು ಅದನ್ನು ಕೂಡಿಕೊಳ್ಳಬೇಕು, ಎರಡು ಸೀಮೆಗಳ ನಡುವಿನ ಸುಂಕದ ಕಟ್ಟೆಯನ್ನು ಬಹುಮಟ್ಟಿಗೆ ತೆಗೆದುಹಾಕಬೇಕು ಎಂಬುದು ಅದರ ಒಂದು ಮುಖ. ಗೋವಾದ ಉಪ್ಪಿನ ತಯಾರಿಕೆ ಮತ್ತು ಮಾರಾಟದ ಮೇಲಿನ ಹಿಡಿತವನ್ನು ಬ್ರಿಟಿಷರಿಗೆ ಬಿಟ್ಟುಕೊಡಬೇಕು, ಅದಕ್ಕೆ ಪ್ರತಿಯಾಗಿ ಅವರು ವರ್ಷಕ್ಕೆ 4 ಲಕ್ಷ ರೂಪಾಯಿ ಕೊಡಬೇಕು ಎಂಬುದು ಇನ್ನೊಂದು ಮುಖ. ಇದರ ಏಟು ಬಿದ್ದದ್ದು ಗೋವಾದ ಉಪ್ಪಿನ ಆಗರಗಳನ್ನೇ ನಂಬಿದ್ದ ಕುಟುಂಬಗಳ ಮೇಲೆ. ಕೆಲಸ ಕಳೆದುಕೊಂಡವರಲ್ಲಿ ಎಷ್ಟೋ ಜನ ಊರು ಬಿಟ್ಟರು. ಇಂದು ದೂಧ್‌ಸಾಗರ್ ಜಲಪಾತದ ಮುಂದೆ ರೈಲು ಸಾಗುವ ಚಿತ್ರವನ್ನು ನೋಡಿ ಹಿಗ್ಗುವ ನಮಗೆ, ಆ ಹಳಿಯ ಅಡಿಪಾಯದಲ್ಲಿ ಉಪ್ಪಿನವರ ಅನ್ನವೂ ಸೇರಿದೆ ಎಂಬುದು ಗೊತ್ತಿರಬೇಕು.

ಗೋವಾ ಕಡೆಯ ಹಳಿಯನ್ನು ಹಾಕಿದ್ದು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ. ಕಂಪನಿಯ ಹೆಸರಿನಲ್ಲಿ ಪೋರ್ಚುಗಲ್ ಇದ್ದರೂ ಬಂಡವಾಳ ಬಹುಪಾಲು ಇಂಗ್ಲೆಂಡಿನದು, ಬಡ್ಡಿಯ ಖಾತರಿ ಮಾತ್ರ ಪೋರ್ಚುಗೀಸ್ ಬೊಕ್ಕಸದ್ದು. ಕರಾವಳಿಯ ಬಯಲಿನ ಭಾಗ 1887ರಲ್ಲಿಯೂ ಘಟ್ಟದ ಭಾಗ 1888ರಲ್ಲಿಯೂ ಸಂಚಾರಕ್ಕೆ ಸಿದ್ಧವಾಗಿ, ಮೀಟರ್ ಗೇಜಿನ ಎರಡು ಹಳಿಗಳು ಕ್ಯಾಸಲ್‌ರಾಕ್‌ನಲ್ಲಿ ಕೂಡಿದವು. ಇಲ್ಲಿ ಒಂದು ಸೂಕ್ಷ್ಮವಿದೆ. ರೈಲು ಓಡಲು ಶುರುವಾದಾಗ ಸುಂಕದ ಒಪ್ಪಂದ ಇನ್ನೂ ಜಾರಿಯಲ್ಲಿತ್ತು, ಸರಕಿಗೆ ಗಡಿ ಹೆಚ್ಚು ಅಡ್ಡಿ ಮಾಡುತ್ತಿರಲಿಲ್ಲ. ಆ ಒಪ್ಪಂದ 1892ರಲ್ಲಿ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ. ಸುಂಕದ ಗೋಡೆ ಇಲ್ಲವೆಂದು ನಂಬಿ ಹಾಕಿದ ಹಳಿಯ ಮೇಲೆ ಮತ್ತೆ ಸುಂಕದ ಗೋಡೆ ಎದ್ದಿತು. ಕ್ಯಾಸಲ್‌ರಾಕ್ ತಪಾಸಣೆಯ ಠಾಣೆಯಾಗಿ ಗಟ್ಟಿಯಾಗಿ ನೆಲೆಯೂರಿದ್ದು ಆಮೇಲೆ ಎಂದು ನಾನು ತಿಳಿಯುತ್ತೇನೆ. ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷ್ ಕಡೆಯ ತಪಾಸಣೆ, ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ, ನಡುವೆ ಸುಮಾರು 26 ಕಿಲೊಮೀಟರಿನ ಘಟ್ಟ. ಮದುವೆಗೆಂದು, ಜಾತ್ರೆಗೆಂದು, ದೇವರ ಹರಕೆಗೆಂದು ಘಟ್ಟದ ಮೇಲಿನವರು ಕೆಳಗಿಳಿಯುವಾಗ ಗಂಟುಮೂಟೆ ಬಿಚ್ಚಿ ತೋರಿಸಿ ಮತ್ತೆ ಕಟ್ಟಿಕೊಳ್ಳಬೇಕಾಗಿತ್ತು. ಗೋವಾದ ಮಂಗೇಶಿ, ಶಾಂತಾದುರ್ಗಾ ದೇವಸ್ಥಾನಗಳ ಕುಳಾವಿಗಳು, ಅಂದರೆ ಅಲ್ಲಿನ ದೇವರನ್ನು ಕುಲದೇವರಾಗಿ ನಂಬಿದ ಮನೆತನದವರು, ಕನ್ನಡ ನಾಡಿನಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ನೆನೆದರೆ, ಈ ನಿಲ್ದಾಣದ ಸುಂಕದ ಕಟ್ಟೆ ಎಷ್ಟು ಮನೆಗಳ ನೆನಪಿನಲ್ಲಿ ಇದ್ದಿರಬೇಕು ಎಂಬುದನ್ನು ಊಹಿಸಬಹುದು.

ಸ್ವಾತಂತ್ರ್ಯ ಹೋರಾಟದ ಅಧ್ಯಾಯವೊಂದು ಈ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಹಾದುಹೋಗಿದೆ. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಸಭೆಯ ನಿಷೇಧವನ್ನು ಮುರಿದು ಗೋವಾದಿಂದ ಹೊರಹಾಕಿಸಿಕೊಂಡಿದ್ದ ರಾಮಮನೋಹರ ಲೋಹಿಯಾ ಅವರು ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ರೈಲಿನಲ್ಲಿ ಹೊರಟಾಗ, ಪೋರ್ಚುಗೀಸ್ ಪೊಲೀಸರು ಅವರನ್ನು ಕುಳೆಂ ನಿಲ್ದಾಣದಲ್ಲಿ ಬಂಧಿಸಿದರು. ಘಟ್ಟದ ಮೇಲಿನಿಂದ ಕುಳೆಂಗೆ ಇಳಿಯುವ ರೈಲಿಗೆ ಕ್ಯಾಸಲ್‌ರಾಕ್ ದಾಟದೆ ಬೇರೆ ದಾರಿಯಿಲ್ಲ. ಐದು ವರ್ಷಗಳ ನಂತರ, 1951ರಲ್ಲಿ, ಕಾಗೋಡು ಸತ್ಯಾಗ್ರಹಕ್ಕೆ ಬಂದ ಲೋಹಿಯಾ ಅವರನ್ನು ಮಲೆನಾಡು ಚೆನ್ನಾಗಿ ನೆನಪಿಟ್ಟುಕೊಂಡಿದೆ; ಗೋವಾದ ಹಾದಿಯಲ್ಲಿ ನಮ್ಮ ಇನ್ನೊಂದು ಊರನ್ನು ಅವರು ದಾಟಿಹೋದದ್ದನ್ನು ಹೇಳುವವರು ಕಡಿಮೆ. 1955ರ ಆಗಸ್ಟ್ 15ರಂದು ನಿಶ್ಶಸ್ತ್ರರಾಗಿ ಗೋವಾದ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದ ಬಳಿಕ ಭಾರತ ಸರ್ಕಾರ ಗಡಿಯನ್ನು ಮುಚ್ಚಿತು, ರೈಲು ಸಂಪರ್ಕವೂ ಕಡಿದುಬಿತ್ತು. 1961ರ ಡಿಸೆಂಬರಿನಲ್ಲಿ ಸೇನಾ ಕಾರ್ಯಾಚರಣೆಯಿಂದ ಗೋವಾ ಬಿಡುಗಡೆಯಾಗುವವರೆಗೆ, ಅಂದರೆ ಆರು ವರ್ಷಗಳಿಗೂ ಮೀರಿ, ಹುಬ್ಬಳ್ಳಿಯ ಕಡೆಯಿಂದ ಬಂದ ಹಳಿಗೆ ಕ್ಯಾಸಲ್‌ರಾಕ್‌ನ ಆಚೆ ಕೆಲಸವಿರಲಿಲ್ಲ. ಗಡಿಯೇ ಬದುಕಾಗಿದ್ದ ಊರಿನಲ್ಲಿ, ಗಡಿ ಮುಚ್ಚಿದ ಆ ವರ್ಷಗಳಲ್ಲಿ ಜನ ಏನು ಮಾಡಿದರು, ಎಷ್ಟು ಮಂದಿಗೆ ವರ್ಗವಾಯಿತು, ಕೂಲಿಗಳು ಎಲ್ಲಿಗೆ ಹೋದರು ಎಂಬುದನ್ನು ಆಗಿನ ಸಿಬ್ಬಂದಿಯ ಮನೆಯವರೇ ಹೇಳಬೇಕು. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ತೊಂಬತ್ತರ ಆಸುಪಾಸು. ನನ್ನ ಕೋರಿಕೆಯಲ್ಲಿರುವ ಅವಸರಕ್ಕೆ ಮುಖ್ಯ ಕಾರಣ ಇದು.

ಇನ್ನೊಂದು ತೊಡಕು ದಾಖಲೆಗಳದು. ಈ ನಿಲ್ದಾಣದ ಒಡೆತನ ಕೈಯಿಂದ ಕೈಗೆ ದಾಟುತ್ತಲೇ ಬಂದಿದೆ. ಸದರ್ನ್ ಮರಾಠಾ ಕಂಪನಿ 1902ರಲ್ಲಿ ಪೋರ್ಚುಗೀಸ್ ಕಂಪನಿಯ ಹಳಿಯನ್ನು ನಡೆಸುವ ಹೊಣೆಯನ್ನೂ ತಾನೇ ಹೊತ್ತಿತು. 1908ರಲ್ಲಿ ಅದು ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್ 1ರಿಂದ ನಿಮ್ಮ ನೈರುತ್ಯ ರೈಲ್ವೆ. ಪ್ರತಿ ಸಲ ಕಚೇರಿ ಬದಲಾದಾಗ ಕಡತಗಳು ಒಂದಿಷ್ಟು ಚೆನ್ನೈಗೆ, ಒಂದಿಷ್ಟು ಸಿಕಂದರಾಬಾದಿಗೆ, ಒಂದಿಷ್ಟು ಹುಬ್ಬಳ್ಳಿಗೆ ಹಂಚಿಹೋಗುವುದು ಸಹಜ. ಸುಂಕದ ಕಾಗದಗಳು ರೈಲ್ವೆಯವೇ ಅಲ್ಲ, ಮುಂಬಯಿ ಸರ್ಕಾರದವು; ಗೋವಾ ಕಡೆಯ ಕಾಗದಗಳು ಪಣಜಿಯ ಪತ್ರಾಗಾರದಲ್ಲಿ, ಪೋರ್ಚುಗೀಸ್ ಭಾಷೆಯಲ್ಲಿ; ಕಂಪನಿಗಳ ವ್ಯವಹಾರದ ಕಾಗದಗಳು ಲಂಡನ್ನಿನಲ್ಲಿ. ಒಬ್ಬ ಸಂಶೋಧಕ ತನ್ನ ಖರ್ಚಿನಲ್ಲಿ ಇಷ್ಟೂ ಕಡೆ ಓಡಾಡಿ ಒಂದು ಸಣ್ಣ ನಿಲ್ದಾಣದ ಚರಿತ್ರೆ ಬರೆಯುವುದು ಆಗದ ಮಾತು. ರೈಲ್ವೆ ಮನಸ್ಸು ಮಾಡಿದರೆ ತನ್ನದೇ ವಲಯಗಳ ಕಡತಗಳನ್ನಾದರೂ ಹುಡುಕಿ ಒಟ್ಟುಮಾಡಬಹುದು, ಉಳಿದವಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ನೆರವು ಕೇಳಬಹುದು. ಹುಬ್ಬಳ್ಳಿಯಲ್ಲಿ 2020ರಲ್ಲಿ ಆರಂಭವಾದ ನಿಮ್ಮ ರೈಲ್ವೆ ವಸ್ತುಸಂಗ್ರಹಾಲಯ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ.

ನಿಲ್ದಾಣದ ಇಂದಿನ ಕೆಲಸದ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಚರಿತ್ರೆ ಹಳಿಯ ಮೇಲೆ ಈಗಲೂ ಓಡಾಡುತ್ತಿದೆ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ ಹಳಿ 1 ಮೀಟರ್ ಕೆಳಗಿಳಿದಿರುತ್ತದೆ. ರಸ್ತೆಯಲ್ಲಿ ಲಾರಿಗೆ ಇದು ಏನೂ ಅಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ, ಅದರಲ್ಲೂ ಮಳೆಯಲ್ಲಿ, ಇದು ಬಹಳ ಕಡಿದು. ಕೆಳಗಿನಿಂದ ಬರುವ ಗಾಡಿಗೆ ಕುಳೆಂನಲ್ಲಿ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನುಗಳನ್ನು ಜೋಡಿಸುತ್ತಾರೆ, ಇಲ್ಲಿಗೆ ಬಂದ ಮೇಲೆ ಬಿಚ್ಚುತ್ತಾರೆ. ಇಳಿಯುವ ಗಾಡಿ ಇಲ್ಲಿ ನಿಂತು ಬ್ರೇಕಿನ ಪರೀಕ್ಷೆ ಮುಗಿಸಿಕೊಳ್ಳದೆ ಹೊರಡುವಂತಿಲ್ಲ. ರಾತ್ರಿ ಗಾಡಿ ನಿಂತಾಗ ಕಿಟಕಿಯ ಪಕ್ಕ ಎಚ್ಚರವಾಗಿ ಕೂತವರಿಗೆ ಇದು ಕಾಣುತ್ತದೆ: ಕೈಯಲ್ಲಿ ಟಾರ್ಚ್ ಹಿಡಿದವರು ಬಗ್ಗಿ ಒಂದೊಂದು ಬೋಗಿಯ ಕೆಳಗೂ ಬೆಳಕು ಬಿಟ್ಟು ನೋಡುತ್ತ ಗಾಡಿಯುದ್ದಕ್ಕೂ ನಡೆಯುತ್ತಾರೆ, ಗಾಳಿಯ ಒತ್ತಡ ಬಿಟ್ಟ ಸುಯ್ ಎಂಬ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತದೆ, ವಾಕಿಟಾಕಿಯಲ್ಲಿ ಲೋಕೊ ಪೈಲಟ್ಟೂ ಗಾರ್ಡೂ ಚುಟುಕಾಗಿ ಮಾತಾಡಿಕೊಳ್ಳುತ್ತಾರೆ, ಆಮೇಲೆ ಗಾಡಿ ನಡೆಯುವವನ ವೇಗದಲ್ಲಿ ಹೊರಡುತ್ತದೆ. ಬೋಗಿಯೊಳಗೆ ಬಹುತೇಕರು ನಿದ್ದೆಯಲ್ಲಿರುತ್ತಾರೆ, ಎಚ್ಚರವಿದ್ದವರಲ್ಲಿ ಕೆಲವರು ಗಾಡಿ ಯಾಕಿಷ್ಟು ಹೊತ್ತು ನಿಂತಿದೆ ಎಂದು ಗೊಣಗುತ್ತಾರೆ. ಆ ಗೊಣಗಾಟಕ್ಕೆ ಪ್ಲಾಟ್‌ಫಾರ್ಮಿನ ಮೇಲಿನ ಒಂದು ಫಲಕ ಉತ್ತರ ಕೊಡಬಹುದಲ್ಲ ಎಂಬುದು ನನ್ನ ಯೋಚನೆ.

ಮಳೆಗಾಲದ ಕಥೆಯೇ ಬೇರೆ. ರಾಜ್ಯದ ದಿನನಿತ್ಯದ ಮಳೆ ವರದಿಯಲ್ಲಿ ಕ್ಯಾಸಲ್‌ರಾಕ್ ಹೆಸರು ಆಗುಂಬೆ, ಹುಲಿಕಲ್ಲುಗಳ ಜೊತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ಜನ ಈ ಊರಿನ ಹೆಸರನ್ನು ಕೇಳಿರುವುದೇ ಆ ವರದಿಯಿಂದ. 2021ರ ಜುಲೈನಲ್ಲಿ ದೂಧ್‌ಸಾಗರ್ ಮತ್ತು ಸೋನಾವಳಿ ನಡುವೆ ಗುಡ್ಡ ಜರಿದು ಪ್ರಯಾಣಿಕರ ಗಾಡಿಯೊಂದು ಹಳಿ ತಪ್ಪಿತ್ತು. ಇಂಥ ಘಟ್ಟದಲ್ಲಿ ಕಂಬಳಿ, ರೇನ್‌ಕೋಟು ಹೊದ್ದು ಹಳಿಯುದ್ದಕ್ಕೂ ನಡೆದು ಕಾಯುವ ಗ್ಯಾಂಗ್‌ಮನ್‌ಗಳ ಸೇವೆ 1888ರಿಂದ ಇಂದಿನವರೆಗೆ ಒಂದು ದಿನವೂ ಕಡಿಮೆ ಮುಖ್ಯವಾಗಿಲ್ಲ. ಚರಿತ್ರೆ ಬರೆಯುವಾಗ ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು ಸುಲಭವಾಗಿ ಸಿಗುತ್ತದೆ, ಸುರಂಗ ಕೊರೆದವರದು, ಹಳಿ ಕಾದವರದು ಸಿಗುವುದಿಲ್ಲ. ನಿವೃತ್ತ ಗ್ಯಾಂಗ್‌ಮನ್‌ಗಳು, ಪಾಯಿಂಟ್ಸ್‌ಮನ್‌ಗಳು, ಸ್ಟೇಷನ್ ಮಾಸ್ಟರುಗಳು, ಅವರ ಮನೆಯವರು ಹೇಳುವುದನ್ನು ಧ್ವನಿಮುದ್ರಿಸಿ ಇಡುವ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ. ಕನ್ನಡ, ಕೊಂಕಣಿ, ಮರಾಠಿ ಮೂರೂ ಬಲ್ಲ ಒಬ್ಬಿಬ್ಬರು ಉತ್ಸಾಹಿಗಳು ಸಾಕು. ಸುತ್ತಲಿನ ಕುಣಬಿ ಮತ್ತು ಗೌಳಿ ಕುಟುಂಬಗಳ ನೆನಪುಗಳೂ ಇದರಲ್ಲಿ ಸೇರಬೇಕು. ಅವರ ಕಾಡಿನ ನಡುವೆಯೇ ಹಳಿ ಬಂದದ್ದು. ಪೇಟೆಗೆ, ಆಸ್ಪತ್ರೆಗೆ ಲೋಂಡಾ ಕಡೆಗೆ ಹೋಗಬೇಕಾದಾಗ ಅವರಿಗೆ ರೈಲೇ ಆಸರೆ.

ಕಟ್ಟಡಗಳ ವಿಷಯದಲ್ಲಿ ನನ್ನದು ಸರಳವಾದ ಬೇಡಿಕೆ. ಮೀಟರ್ ಗೇಜ್ ಹೋಗಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದಾಗ ಒಮ್ಮೆ ಈ ಮಾರ್ಗದ ಹಳೆಯ ವಸ್ತುಗಳು ಗುಜರಿಯ ಲೆಕ್ಕಕ್ಕೆ ಸೇರಿದ ಕಾಲವೊಂದಿತ್ತು. ಮುಂದಿನ ಯಾವುದೇ ಕಾಮಗಾರಿಗೆ ಕೈಹಾಕುವ ಮುನ್ನ ನಿಲ್ದಾಣದ ಆವರಣದಲ್ಲಿರುವ ಹಳೆಯ ಕಟ್ಟಡ, ವಸತಿಗೃಹ, ಗೋಡೆ, ನೀರಿನ ತೊಟ್ಟಿ, ಕಲ್ಲು, ಕಂಬಗಳ ಸಮೀಕ್ಷೆಯಾಗಲಿ. ಯಾವುದು ಯಾವ ಕಾಲದ್ದು, ಯಾವ ಕೆಲಸಕ್ಕಿತ್ತು ಎಂಬುದನ್ನು ಬಲ್ಲವರಿಂದ ಗುರುತಿಸಿ, ಉಳಿಸಬೇಕಾದ್ದನ್ನು ಉಳಿಸಿ. ಎಲ್ಲವನ್ನೂ ಹಾಗೆಯೇ ಇಡಿ ಎಂದು ನಾನು ಹೇಳುತ್ತಿಲ್ಲ. ಸೋರುವ ಮಾಡಿನ ಕೆಳಗೆ ಸಿಬ್ಬಂದಿ ದುಡಿಯಬೇಕೆಂದು ಬಯಸುವ ಚರಿತ್ರೆಪ್ರೇಮ ನನಗೆ ಬೇಡ. ಸುಣ್ಣ ಬಳಿದು, ಜಲಪಾತದ ಬಣ್ಣದ ಚಿತ್ರ ಬಿಡಿಸಿ, ಪಾರಂಪರಿಕ ನಿಲ್ದಾಣ ಎಂದು ಬೋರ್ಡು ಹಾಕುವುದೂ ಬೇಡ. ಒಂದು ಕೋಣೆ ಸಾಕು: ಒಪ್ಪಂದದ ಪ್ರತಿ, ಹಳೆಯ ನಕ್ಷೆ, ಮೀಟರ್ ಗೇಜ್ ಹಳಿಯ ಒಂದು ತುಂಡು, ತಪಾಸಣೆಯ ಕಾಲದ ಕಾಗದಗಳ ನಕಲು, ಘಟ್ಟದಲ್ಲಿ ಬ್ರೇಕು ಮತ್ತು ಬ್ಯಾಂಕರ್ ಹೇಗೆ ಕೆಲಸ ಮಾಡುತ್ತವೆ ಎಂಬ ವಿವರಣೆ, ಇಷ್ಟು ಇದ್ದರೆ ಗಾಡಿ ಕಾಯುವ ಪ್ರಯಾಣಿಕ ಅರ್ಧ ಗಂಟೆ ಚೆನ್ನಾಗಿ ಕಳೆಯುತ್ತಾನೆ.

ಚಾರಣಿಗರ ವಿಷಯವನ್ನು ಬಿಟ್ಟು ಈ ಪತ್ರ ಮುಗಿಸಿದರೆ ಜಾರಿಕೊಂಡಂತಾದೀತು. ಮಳೆಗಾಲದಲ್ಲಿ ಕ್ಯಾಸಲ್‌ರಾಕ್‌ಗೆ ಬರುವ ಯುವಕರಲ್ಲಿ ಬಹಳ ಮಂದಿಗೆ ಈ ನಿಲ್ದಾಣ ದೂಧ್‌ಸಾಗರ್‌ಗೆ ಹಳಿಯ ಮೇಲೆ ನಡೆದುಹೋಗುವ ದಾರಿಯ ಮೊದಲ ಮೆಟ್ಟಿಲು ಅಷ್ಟೇ. ಇದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನು ಬದಿಗಿರಲಿ, ಸುರಂಗದೊಳಗೆ ಗಾಡಿ ಎದುರಾದರೆ ಪಕ್ಕಕ್ಕೆ ಸರಿಯಲು ಜಾಗ ಸಾಲದು. 2023ರ ಜುಲೈನಲ್ಲಿ ಹಳಿಯ ಮೇಲೆ ನಡೆದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲೆಡೆ ಹರಿದಾಡಿತು, ನಿಮ್ಮ ಕಚೇರಿ ಹಳಿಯ ಮೇಲೆ ನಡೆಯಬೇಡಿ, ಬೋಗಿಯೊಳಗಿಂದಲೇ ಜಲಪಾತ ನೋಡಿ ಎಂದು ಮನವಿ ಮಾಡಿತು. ಮನವಿ ಸರಿಯಾಗಿಯೇ ಇತ್ತು. ನಿಷೇಧದ ಜೊತೆಗೆ ನೋಡಲು, ಓದಲು ಇಲ್ಲಿಯೇ ಏನಾದರೂ ಇದ್ದರೆ, ಬಂದವರಲ್ಲಿ ಕೆಲವರಾದರೂ ನಿಲ್ದಾಣದಲ್ಲೇ ನಿಂತು ಮುಂದಿನ ಗಾಡಿ ಹತ್ತಿಯಾರು. ಎಲ್ಲರೂ ಹಾಗೆ ಮಾಡುತ್ತಾರೆಂಬ ಭ್ರಮೆ ನನಗಿಲ್ಲ.

ಜೋಡಿಹಳಿಯ ಬಗ್ಗೆ ಒಂದೇ ಮಾತು. ಕ್ಯಾಸಲ್‌ರಾಕ್–ಕುಳೆಂ ನಡುವಿನ ಎರಡನೇ ಹಳಿಗೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಮರ್ಮಗೋವಾದಿಂದ ತೋರಣಗಲ್ಲಿನ ಕಡೆಗೆ ಹೋಗುವ ಕಲ್ಲಿದ್ದಲಿನ ಪ್ರಶ್ನೆ, ಗೋವಾದ ಜನರ ವಿರೋಧ, ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮತ್ತು ಅದಕ್ಕೆ ತಾಗಿದ ಗೋವಾದ ಅಭಯಾರಣ್ಯದ ಭವಿಷ್ಯ ಎಲ್ಲವೂ ಅದರಲ್ಲಿ ಹೆಣೆದುಕೊಂಡಿವೆ. ಆ ವಿವಾದ ಹೇಗೇ ಬಗೆಹರಿದರೂ ನಾನು ಕೇಳುತ್ತಿರುವ ಕೆಲಸಕ್ಕೆ ಅದು ಅಡ್ಡಿಯಾಗುವುದಿಲ್ಲ, ಏಕೆಂದರೆ ಇದಕ್ಕೆ ಒಂದು ಮರ ಕಡಿಯಬೇಕಿಲ್ಲ, ಒಂದು ಅಡಿ ಹೊಸ ಜಾಗವೂ ಬೇಕಿಲ್ಲ.

ಮೊದಲ ಹೆಜ್ಜೆಯಾಗಿ, ಹುಬ್ಬಳ್ಳಿ ವಿಭಾಗದಿಂದ ನಿವೃತ್ತರಾಗಿ, ತಾವಾಗಲೀ ತಮ್ಮ ತಂದೆತಾಯಿಯರಾಗಲೀ ಕ್ಯಾಸಲ್‌ರಾಕ್, ಕರಂಜೋಲ್, ದೂಧ್‌ಸಾಗರ್, ಸೋನಾವಳಿ, ಕುಳೆಂಗಳಲ್ಲಿ ಕೆಲಸ ಮಾಡಿದ್ದವರು ತಮ್ಮಲ್ಲಿರುವ ಫೋಟೊ, ಪಾಸು, ವರ್ಗಾವಣೆ ಆದೇಶ, ಪತ್ರಗಳನ್ನು ನಕಲು ಮಾಡಿಕೊಳ್ಳಲು ಕೊಡಬೇಕೆಂಬ ಒಂದು ಪ್ರಕಟಣೆಯನ್ನು ಕನ್ನಡ, ಕೊಂಕಣಿ ಮತ್ತು ಮರಾಠಿ ಪತ್ರಿಕೆಗಳಲ್ಲಿ ನಿಮ್ಮ ಕಚೇರಿ ಹೊರಡಿಸಲಿ. ಮೂಲ ಕಾಗದವನ್ನು ಅವರಿಗೇ ಹಿಂತಿರುಗಿಸುತ್ತೇವೆ ಎಂಬ ಭರವಸೆಯನ್ನು ಅದರಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿ. ಸರ್ಕಾರಿ ಕಚೇರಿಗೆ ಕೊಟ್ಟ ಫೋಟೊ ವಾಪಸು ಬರುವುದಿಲ್ಲ ಎಂಬ ಹೆದರಿಕೆ ನಮ್ಮ ಕಡೆಯ ಹಿರಿಯರಲ್ಲಿ ಬಲವಾಗಿದೆ. ಬಂದದ್ದನ್ನು ಪಟ್ಟಿ ಮಾಡಲು ಹುಬ್ಬಳ್ಳಿಯ ವಸ್ತುಸಂಗ್ರಹಾಲಯದಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರನ್ನು ಕಾಣಬಹುದಾದ ದಿನ ಮತ್ತು ಹೊತ್ತನ್ನು ಅದೇ ಪ್ರಕಟಣೆಯಲ್ಲಿ ತಿಳಿಸಿದರೆ, ಜೊಯಿಡಾ ಮತ್ತು ಖಾನಾಪುರ ತಾಲ್ಲೂಕುಗಳ ಹಿರಿಯರ ಬಳಿ ಹೋಗಿ ವಿಷಯ ಮುಟ್ಟಿಸುವ ಕೆಲಸವನ್ನು ಇಲ್ಲಿನ ನಾವು ಕೆಲವರು ವಹಿಸಿಕೊಳ್ಳಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಉತ್ತರ ಕನ್ನಡ ಜಿಲ್ಲೆಯ ಒಬ್ಬ ಪ್ರಯಾಣಿಕ